ಹೇಳಿಕೆ ಕಾಗದದ ಹುದ್ದೆ

ಕಾಪುವಿನ ಪಡು ಬದಿಯಲ್ಲಿ ಬಾಗಿ ಮರಕಾಲ್ತಿಯ ಮನೆ ಎಂದರೆ ಯಾರು ಬೇಕಾದರೂ ತೋರಿಸುತ್ತಿದ್ದರು. ಮೀನಿನ ಬುಟ್ಟಿ ಹೊತ್ತು ಊರೂರು ತಿರುಗಿ ಕಟ್ಟಿದ ಮನೆ ಅದು. ಹೆಣ್ಣುಮಕ್ಕಳು ಮದುವೆಯಾದ ಮೇಲೂ ತಾಯಿಮನೆಯಲ್ಲೇ ಇರುವ ಪದ್ಧತಿ ಆ ಮನೆಯಲ್ಲಿ ಇನ್ನೂ ಉಳಿದಿತ್ತು. ಹಾಗಾಗಿ ಇಬ್ಬರು ಅಳಿಯಂದಿರೂ ಅಲ್ಲೇ ಉಂಡು, ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಉಡುಪಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ಮಣಿಪಾಲದ ಗುಡ್ಡದ ಮೇಲಿನ ಕಾಲೇಜು ಸೇರುತ್ತಿದ್ದರು. ಇಬ್ಬರೂ ರಸಾಯನಶಾಸ್ತ್ರ ವಿಭಾಗದವರು. ಹಿರಿಮಗಳು ನಳಿನಾಕ್ಷಿಯ ಗಂಡ ಕರುಣಾಕರ ಡೆಮಾನ್‌ಸ್ಟ್ರೇಟರ್. ಕಿರಿಯವಳು ಪುಷ್ಪಾವತಿಯ ಗಂಡ ಧರ್ಮಪಾಲ ಲೆಕ್ಚರರ್.

ಎರಡರಲ್ಲಿ ಯಾವುದು ಮೇಲು ಎಂಬುದು ಕಾಪುವಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೇಳುವುದಕ್ಕೆ ಕಷ್ಟವಾದದ್ದೇ ದೊಡ್ಡ ಕೆಲಸ ಇರಬೇಕು ಎಂದು ಊರವರು ತೀರ್ಮಾನ ಮಾಡಿಕೊಂಡಿದ್ದರು. ಆ ತೀರ್ಮಾನವನ್ನು ತಿದ್ದುವ ಉಸಾಬರಿಗೆ ನಳಿನಾಕ್ಷಿ ಹೋಗಿರಲಿಲ್ಲ. ಅವಳ ಗಂಡ ಮೊದಲು ಬಂದವನು, ವಯಸ್ಸಿನಲ್ಲಿ ಹಿರಿಯ, ಹಿರಿ ಅಳಿಯ. ಊಟಕ್ಕೆ ಕೂತಾಗ ಅಂಜಲ್ ಮೀನಿನ ನಡು ತುಂಡು ಅವನ ತಟ್ಟೆಗೇ ಬೀಳುತ್ತಿತ್ತು. ಅವಳಿಗೆ ಅಷ್ಟು ಸಾಕಾಗಿತ್ತು.

ಸಾವಿರದ ಒಂಬೈನೂರ ಅರವತ್ತನಾಲ್ಕರ ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯದಿಂದ ಒಂದು ಸುತ್ತೋಲೆ ಬಂತು. ಕಾಲೇಜು ಮೇಷ್ಟ್ರುಗಳ ಹುದ್ದೆಯ ಹೆಸರುಗಳನ್ನೆಲ್ಲ ಬದಲಿಸಿದ್ದರು. ಆ ಸಂಜೆ ಧರ್ಮಪಾಲ ಉಡುಪಿಯಿಂದ ಒಂದು ಪೊಟ್ಟಣ ಮೈಸೂರುಪಾಕು ತಂದು ಬಾಗಿಯ ಕೈಗೆ ಕೊಟ್ಟ.

"ಅತ್ತೆ, ಇನ್ನು ಮೇಲೆ ನಾನು ಅಸಿಸ್ಟೆಂಟ್ ಪ್ರೊಫೆಸರ್."

"ಸಂಬಳ ಎಷ್ಟು ಜಾಸ್ತಿ ಆಯಿತು?" ಎಂದಳು ಬಾಗಿ.

"ಸಂಬಳ ಅಷ್ಟೇ. ಹೆಸರು ಮಾತ್ರ ಬೇರೆ."

"ಕೆಲಸ?"

"ಅದೂ ಅದೇ."

"ಮತ್ತೆ ಸಿಹಿ ಎಂತಕ್ಕೆ ಮಾರಾಯ್ರೆ?"

ಎಲ್ಲರೂ ನಕ್ಕರು. ನಳಿನಾಕ್ಷಿ ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕಳು. ಆದರೆ ಜಗಲಿಯಲ್ಲಿ ಬಲೆಯ ತೂತು ಹೊಲಿಯುತ್ತಿದ್ದ ಕೂಸಪ್ಪ ನಗಲಿಲ್ಲ. ಕೂಸಪ್ಪ ಬಾಗಿಯ ತಮ್ಮ, ಮನೆಯ ಯಜಮಾನ. ಅವನ ಮಾತಿಗೆ ಎದುರಿಲ್ಲ.

"ಪ್ರೊಫೆಸರ್ ಅಂದರೆ ಸಣ್ಣ ಮಾತಲ್ಲ ಅಕ್ಕ. ಬೋಟಿಗೆ ತಾಂಡೇಲ ಇದ್ದ ಹಾಗೆ. ಅವನು ಹೇಳಿದ ಕಡೆಗೆ ಎಲ್ಲರೂ ಹುಟ್ಟು ಹಾಕಬೇಕು." ಆಮೇಲೆ ಹಿರಿ ಅಳಿಯನ ಕಡೆ ತಿರುಗಿ, "ನಿಮಗೆ ಎಂತ ಬಂತು ಕರುಣಾಕರ?" ಎಂದ.

"ನನಗೆ ಟ್ಯೂಟರ್ ಅಂತ."

"ಅದು ಯಾವುದಕ್ಕೆ ಸಮ?"

"ಹಳೆಯದಕ್ಕೇ ಸಮ ಮಾವ," ಎಂದು ಕರುಣಾಕರ ಕೈತೊಳೆಯಲು ಬಾವಿಕಟ್ಟೆಗೆ ಹೋದ.

ಅಂದಿನ ಊಟಕ್ಕೆ ಅಂಜಲ್ ಸಾರು. ಬಾಗಿ ಸೌಟು ಮುಳುಗಿಸಿ, ಒಂದು ಗಳಿಗೆ ತಡೆದು, ನಡು ತುಂಡನ್ನು ಧರ್ಮಪಾಲನ ತಟ್ಟೆಗೆ ಹಾಕಿದಳು. ಕರುಣಾಕರನಿಗೆ ಬಾಲದ ಕಡೆಯದ್ದು ಬಂತು. ಅವನು ಅದನ್ನು ಗಮನಿಸಿದನೋ ಇಲ್ಲವೋ, ತಿಂದು ಎದ್ದ. ನಳಿನಾಕ್ಷಿ ಮಾತ್ರ ಅಡುಗೆಮನೆಯಲ್ಲಿ ತಾಯಿಯನ್ನು ಹಿಡಿದು ನಿಲ್ಲಿಸಿದಳು.

"ನಡು ತುಂಡು ಯಾರಿಗೆ ಹಾಕಿದೆ ಅಮ್ಮ?"

"ಯಾರಿಗೋ ಹಾಕಿದೆ. ದೀಪದ ಬೆಳಕಿಗೆ ಸರಿ ಕಾಣುವುದಿಲ್ಲ."

"ಬೂತಾಯಿ ಮೀನು ನೂರಕ್ಕೆ ಒಂದು ಕಡಿಮೆಯಾದರೂ ಹಿಡಿಯುವ ಕಣ್ಣು ಇವತ್ತೇ ಕಾಣದೆ ಹೋಯಿತಾ?"

ಪುಷ್ಪಾವತಿ ಪಾತ್ರೆ ತೊಳೆಯುತ್ತಿದ್ದವಳು ನಡುವೆ ಬಂದಳು. "ಒಂದು ತುಂಡು ಮೀನಿಗೆ ಎಂತ ಗಲಾಟೆ ಅಕ್ಕ? ನಾಳೆ ಬಾವನಿಗೇ ಹಾಕುವ."

"ನೀನು ಹಾಕಿಸಿ ಅವರು ತಿನ್ನುವ ಗತಿ ಬಂದಿಲ್ಲ ಇನ್ನೂ," ಎಂದು ನಳಿನಾಕ್ಷಿ ಸೌಟನ್ನು ನೆಲಕ್ಕೆ ಕುಕ್ಕಿದಳು.

ಹೊಟ್ಟೆಕಿಚ್ಚು ಎಂದೇ ಹೇಳಬೇಕು, ಇದಕ್ಕೆ ಬೇರೆ ಹೆಸರು ಹುಡುಕಿ ಪ್ರಯೋಜನವಿಲ್ಲ. ಆದರೆ ಆ ಕಿಚ್ಚಿಗೆ ಹಳೆಯ ಸೌದೆಯೂ ಇತ್ತು. ಬಾಗಿ ಬುಟ್ಟಿ ಹೊತ್ತು ಹೋಗುತ್ತಿದ್ದಾಗ ಮನೆ ನೋಡಿಕೊಳ್ಳಲು ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ನಳಿನಾಕ್ಷಿ. ಅವಳು ಗಂಜಿ ಬೇಯಿಸಿ ಜಡೆ ಹಾಕಿ ಕಳಿಸಿದ್ದರಿಂದ ಪುಷ್ಪಾವತಿ ಎಸ್ಸೆಸ್ಸೆಲ್ಸಿ ಪಾಸಾದಳು. ಅಷ್ಟೇ ಅಲ್ಲ, ಧರ್ಮಪಾಲನ ಸಂಬಂಧ ತಂದವನೇ ಕರುಣಾಕರ. "ನಮ್ಮ ವಿಭಾಗಕ್ಕೆ ಒಬ್ಬ ಹೊಸ ಮೇಷ್ಟ್ರು ಬಂದಿದ್ದಾನೆ, ನಮ್ಮವನೇ, ಒಳ್ಳೆಯವನು" ಎಂದು ಎರಡು ವರ್ಷದ ಹಿಂದೆ ಊಟಕ್ಕೆ ಕರೆದುಕೊಂಡು ಬಂದಿದ್ದ. ಆವತ್ತು ಮೀನು ಹುರಿದು ಬಡಿಸಿದವಳೂ ನಳಿನಾಕ್ಷಿಯೇ.

ಒಂದು ವಾರದೊಳಗೆ ಊರಿಗೆಲ್ಲ ಸುದ್ದಿ ಹರಡಿತು. ಬಾವಿಯ ಹತ್ತಿರ ಹೆಂಗಸರು ಪುಷ್ಪಾವತಿಯನ್ನು "ಪ್ರೊಫೆಸರರ ಹೆಂಡತಿ ಬಂದರು, ಕೊಡಪಾನ ಮೊದಲು ಅವರದ್ದು ತುಂಬಲಿ" ಎಂದು ಕೀಟಲೆ ಮಾಡತೊಡಗಿದರು. ಕೀಟಲೆಯೇ ಆದರೂ ಕೊಡಪಾನ ಮೊದಲು ಅವಳದ್ದೇ ತುಂಬುತ್ತಿತ್ತು. ನಳಿನಾಕ್ಷಿ ಹಗ್ಗ ಹಿಡಿದು ಕಾಯುತ್ತಿದ್ದಳು. ಮನೆಗೆ ಬಂದು ಅದರ ಸೇಡನ್ನು ಧರ್ಮಪಾಲನ ಬುತ್ತಿಯ ಮೇಲೆ ತೀರಿಸುತ್ತಿದ್ದಳು. ಅವನ ಡಬ್ಬಿಗೆ ಅನ್ನ ಒತ್ತಿ ತುಂಬಿ ಮೀನು ಅರ್ಧ, ಉಪ್ಪಿನಕಾಯಿಯ ಹೋಳು ಇಲ್ಲ, ರಸ ಮಾತ್ರ. ಅವನ ಬಿಸಿನೀರಿನ ಹಂಡೆಗೆ ಅವಳ ಕೈಯಿಂದ ಸೌದೆ ಸರಿಯಾಗಿ ಬೀಳುತ್ತಿರಲಿಲ್ಲ. ಆ ಪುಣ್ಯಾತ್ಮ ಒಂದು ದಿನವೂ ಅದನ್ನು ಗಮನಿಸಲಿಲ್ಲ. ಡಬ್ಬಿ ಖಾಲಿ ಮಾಡಿ ತಂದು, "ಅತ್ತಿಗೆ, ಇವತ್ತು ಊಟ ಚೆನ್ನಾಗಿತ್ತು" ಎಂದು ಹೇಳಿ ಹೋಗುತ್ತಿದ್ದ. ಅದಂತೂ ಅವಳಿಗೆ ಮೈಯೆಲ್ಲ ಉರಿ.

ಕರುಣಾಕರನ ಬೆರಳ ತುದಿಗಳು ಯಾವಾಗಲೂ ಕಪ್ಪು. ಲ್ಯಾಬಿನ ಯಾವುದೋ ಔಷಧಿ ತಾಗಿದರೆ ವಾರವಾದರೂ ಹೋಗುವುದಿಲ್ಲವಂತೆ. ಒಂದು ಭಾನುವಾರ ಅವಳು ಹುಣಸೆಹಣ್ಣು ಹಾಕಿ ಅವನ ಬೆರಳು ತಿಕ್ಕುತ್ತ ಕೂತಳು.

"ಆ ಪ್ರೊಫೆಸರ್ ಕೈ ನೋಡಿ. ಬರಿ ಚಾಕ್‌ಪೀಸಿನ ಪುಡಿ. ಊದಿದರೆ ಹೋಗುತ್ತದೆ."

"ಅವನು ಪಾಠ ಹೇಳುವವನು. ನಾನು ಪ್ರಯೋಗ ಮಾಡಿ ತೋರಿಸುವವನು. ಕೈ ಕಪ್ಪಾಗದೆ ಮತ್ತೆ?"

"ನಿಮಗೆ ಬೇಜಾರೇ ಇಲ್ವಾ?"

ಕರುಣಾಕರ ಜಗಲಿಯ ಕಡೆ ಒಮ್ಮೆ ನೋಡಿ, ಧ್ವನಿ ತಗ್ಗಿಸಿದ. "ಯಾರಿಗೂ ಹೇಳಬೇಡ. ಆ ಸುತ್ತೋಲೆಯಲ್ಲಿ ಇನ್ನೊಂದು ಸಾಲು ಉಂಟು. ಹತ್ತು ವರ್ಷ ಸರ್ವೀಸ್ ಆದವರನ್ನು ಎಂ.ಎಸ್ಸಿ. ಇಲ್ಲದಿದ್ದರೂ ಲೆಕ್ಚರರ್ ಮಾಡಬಹುದು. ವಿಭಾಗದ ಮುಖ್ಯಸ್ಥರು ಶಿಫಾರಸು ಬರೆಯಬೇಕು ಅಷ್ಟೆ. ಜೂನಿಗೆ ನನಗೆ ಹತ್ತು ತುಂಬುತ್ತದೆ. ಬರೆಯುತ್ತೇನೆ ಅಂತ ಅವರೇ ಹೇಳಿದ್ದಾರೆ."

"ಲೆಕ್ಚರರ್ ಅಂದರೆ ಈಗ ಅವನಿಗೆ ಸಮವಾ?"

"ಒಂದು ಮೆಟ್ಟಿಲು ಕೆಳಗೆ."

"ಅಂದರೆ ಅವನು ಬಿಟ್ಟು ಹೋದ ಮೆಟ್ಟಿಲಿಗೆ ನೀವು ಹತ್ತು ವರ್ಷ ಕಾದು ಹತ್ತುವುದು!"

"ಹೌದು. ನನಗೆ ಅಷ್ಟು ಸಾಕು ನಳಿನಿ. ಲೆಕ್ಚರರ್ ಆದರೆ ಬೋರ್ಡಿನ ಎದುರು ನಿಂತು ನಾನೇ ಪಾಠ ಹೇಳಬಹುದು. ಹತ್ತು ವರ್ಷದಿಂದ ಬೇರೆಯವರು ಹೇಳಿದ ಪಾಠಕ್ಕೆ ಗಾಜಿನ ನಳಿಗೆ ತೊಳೆದು ಇಡುತ್ತಿದ್ದೇನೆ. ಒಂದು ಸಲ, ಒಂದೇ ಒಂದು ಗಂಟೆಯ ಪಾಠ ನನ್ನದು ಅಂತ ಇರಬೇಕು."

ಅವನ ಮುಖದಲ್ಲಿ ಅಂಥ ಆಸೆಯನ್ನು ಅವಳು ಮದುವೆಯಾದ ಮೇಲೆ ನೋಡಿರಲಿಲ್ಲ. ಒಂದು ಕ್ಷಣ ಅವಳಿಗೂ ಖುಷಿಯಾಯಿತು. ಅಷ್ಟರಲ್ಲಿ ಅಂಗಳದಿಂದ ಪುಷ್ಪಾವತಿ ನಗುವುದು ಕೇಳಿಸಿತು. ಒಂದು ಮೆಟ್ಟಿಲು ಕೆಳಗೆ ಎಂಬ ಮಾತೇ ಅವಳ ಕಿವಿಯಲ್ಲಿ ಉಳಿಯಿತು.

ಮಾರ್ಚ್ ತಿಂಗಳಲ್ಲಿ ಬಾಗಿಯ ಮಗ, ನಳಿನಾಕ್ಷಿಯ ತಮ್ಮ ಹೂವಪ್ಪನಿಗೆ ಮದುವೆ ನಿಶ್ಚಯವಾಯಿತು. ಹುಡುಗಿಯ ತಂದೆಗೆ ಕಾರ್ಕಳ ಪೇಟೆಯಲ್ಲಿ ಒಣಮೀನಿನ ಅಂಗಡಿ, ಅನುಕೂಲಸ್ಥರು. ಮೇ ಮೊದಲ ವಾರ ಮುಹೂರ್ತ. ಹೇಳಿಕೆ ಕಾಗದದ, ಅಂದರೆ ಮದುವೆಗೆ ಕರೆಯುವ ಕಾಗದದ, ಒಕ್ಕಣೆ ಬರೆಯಲು ಕೂಸಪ್ಪ ಎಲ್ಲರನ್ನೂ ಜಗಲಿಗೆ ಕರೆದ. ಅವನಿಗೆ ಓದುಬರಹ ಇಲ್ಲ, ಆದರೆ ಕಾಗದ ಹೇಗಿರಬೇಕು ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೂ ತಿಳಿಯದು.

"ನನ್ನ ಹೆಸರಿನ ಕೆಳಗೆ ಅಳಿಯಂದಿರ ಹೆಸರು. ಎದುರಿಗೆ ಹುದ್ದೆ. ಮರಕಾಲರ ಮನೆಯಲ್ಲಿ ಕಾಲೇಜಿನವರು ಇಬ್ಬರುಂಟು ಅಂತ ಕಾರ್ಕಳದವರಿಗೆ ಗೊತ್ತಾಗಬೇಕು."

ಬರೆಯಲು ಕೂತವಳು ಪುಷ್ಪಾವತಿ, ಅವಳ ಅಕ್ಷರ ಗುಂಡಗೆ. "ಬರಿ ಹೆಸರು ಸಾಕಲ್ವಾ ಮಾವ?" ಎಂದಳು.

"ನಿನಗೆ ಸಾಕು," ಎಂದಳು ನಳಿನಾಕ್ಷಿ. "ಹಾಕದಿದ್ದರೂ ಊರಿಗೆಲ್ಲ ಗೊತ್ತುಂಟು. ಬಾವಿಕಟ್ಟೆಯಲ್ಲಿ ದಿನಾ ಸಾರುತ್ತಾರಲ್ಲ."

"ನಾನು ಸಾರಿ ಅಂತ ಹೇಳಿದೆನಾ ಅಕ್ಕ?"

"ಬೇಡ ಅಂತಲೂ ಹೇಳಲಿಲ್ಲ."

"ಬಾಯಿ ಮುಚ್ಚಿ ಇಬ್ಬರೂ," ಎಂದ ಕೂಸಪ್ಪ. "ಹುದ್ದೆ ಹಾಕಲೇಬೇಕು. ಕರುಣಾಕರರದ್ದು ಹಳೆಯದೇ ಹಾಕುವ, ಅದು ಉದ್ದ ಉಂಟು."

"ಈಗ ಟ್ಯೂಟರ್ ಮಾವ. ಇದ್ದದ್ದನ್ನೇ ಹಾಕಿ," ಎಂದ ಕರುಣಾಕರ.

ಪುಷ್ಪಾವತಿ ಬರೆದಳು. ಮೇಲೆ ಬಾವನ ಹೆಸರು, ಎದುರಿಗೆ ಟ್ಯೂಟರ್. ಕೆಳಗೆ ಗಂಡನ ಹೆಸರು, ಎದುರಿಗೆ ಅಸಿಸ್ಟೆಂಟ್ ಪ್ರೊಫೆಸರ್. ಮೇಲಿನ ಸಾಲು ಗಿಡ್ಡ, ಕೆಳಗಿನ ಸಾಲು ಹಾಳೆಯ ಅಂಚಿನವರೆಗೆ. ನಳಿನಾಕ್ಷಿ ತಂಗಿಯ ಭುಜದ ಹಿಂದೆ ನಿಂತು ಅದನ್ನೇ ನೋಡುತ್ತಿದ್ದಳು.

ಹತ್ತು ದಿನ ಬಿಟ್ಟು ಅವಳು ಅಂಬಲಪಾಡಿಯ ದೇವಸ್ಥಾನಕ್ಕೆ ಹೂವಿನ ಪೂಜೆ ಹೇಳಿ ಬರುತ್ತೇನೆಂದು ಹೊರಟಳು. ಕಾಗದ ಅಚ್ಚಿಗೆ ಕೊಟ್ಟಿದ್ದ ಪ್ರೆಸ್ಸು ಅದೇ ದಾರಿಯಲ್ಲಿತ್ತು. ಅಚ್ಚಿನ ಮೊಳೆ ಜೋಡಿಸುವ ಅಲೆಕ್ಸ್ ಒದ್ದೆ ಶಾಯಿಯ ಕರಡು ಕಾಗದವನ್ನೂ ಪೆನ್ಸಿಲನ್ನೂ ಅವಳ ಎದುರಿಗಿಟ್ಟ.

"ನೋಡಿ ಅಕ್ಕ. ತಪ್ಪಿದ್ದರೆ ತಿದ್ದಿ, ಕೆಳಗೆ ಸಹಿ ಹಾಕಿ. ತಿದ್ದಿದವರ ಸಹಿ ಇಲ್ಲದೆ ನಾವು ಅಚ್ಚಿಗೆ ಹಾಕುವುದಿಲ್ಲ. ಆಮೇಲೆ ಜಗಳ ಬರುತ್ತದೆ."

ದೇವರ ಹೆಸರು ಸರಿ ಇತ್ತು, ಮುಹೂರ್ತ ಸರಿ ಇತ್ತು. ಗಂಡನ ಹೆಸರಿನ ಹತ್ತಿರ ಬಂದಾಗ ಅವಳ ಕೈ ನಿಂತಿತು. ಕಾಗದ ಓದುವವರು ಕಾಪುವಿನವರು, ಕಾರ್ಕಳದವರು. ಅವರಿಗೆ ಪ್ರೊಫೆಸರ್ ಎಂಬ ಶಬ್ದ ಗೊತ್ತು, ಟ್ಯೂಟರ್ ಎಂಬುದು ಗೊತ್ತಿಲ್ಲ. ಮಣಿಪಾಲದಲ್ಲಿ ಇರುವವರೆಲ್ಲ ಎಲ್ಲೆಲ್ಲಿಯವರೋ. ವಿಭಾಗದ ಮುಖ್ಯಸ್ಥರು ಮದ್ರಾಸ್ ಕಡೆಯವರು, ಉಳಿದವರು ಮಲಯಾಳಿಗಳು, ಪಂಜಾಬಿನವರು. ಅಲ್ಲಿ ಕನ್ನಡ ಕಾಗದ ಓದುವವರು ಯಾರು? ಲಕೋಟೆಗೆ ಹಚ್ಚಿದ ಅರಶಿನ ನೋಡಿ ಬದಿಗಿಡುತ್ತಾರೆ ಅಷ್ಟೆ. ಹೀಗೆ ಅವಳು ಎಲ್ಲವನ್ನೂ ಲೆಕ್ಕ ಹಾಕಿದಳು. ಟ್ಯೂಟರ್ ಎಂಬುದಕ್ಕೆ ಗೆರೆ ಎಳೆದು, ಪಕ್ಕದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಎಂದು ಬರೆದು, ಸಹಿ ಹಾಕಿದಳು.

"ಇವರೂ ಪ್ರೊಫೆಸರಾ ಅಕ್ಕ?" ಎಂದ ಅಲೆಕ್ಸ್.

"ಹೊಸ ಸುತ್ತೋಲೆ ಬಂದಿದೆ. ನಿಮಗೆ ಗೊತ್ತಿಲ್ಲ."

ಮುಂದಿನ ವಾರ ನಾನೂರು ಕಾಗದಗಳ ಕಟ್ಟನ್ನು ತರಲೂ ಅವಳೇ ಹೋದಳು. ಬಸ್ಸಿನಲ್ಲಿ ಕಿಟಕಿಯ ಬದಿ ಕೂತು ಒಂದನ್ನು ಎಳೆದು ಓದಿದಳು. ಗಂಡನ ಹೆಸರಿನ ಎದುರು ಉದ್ದಕ್ಕೆ ಹುದ್ದೆ. ಅದರ ಕೆಳಗೆ ಧರ್ಮಪಾಲ. ಬರಿ ಧರ್ಮಪಾಲ. ಎದುರಿಗೆ ಏನೂ ಇಲ್ಲ. ಅಲೆಕ್ಸ್ ಕೈತಪ್ಪಿ ಬಿಟ್ಟಿದ್ದಾನೆ! ಬಸ್ಸು ಇಳಿದು ವಾಪಸು ಹೋಗಿ ಕೇಳಬಹುದಿತ್ತು. ಅವಳು ಕೇಳಲಿಲ್ಲ. ಕಟಪಾಡಿ ದಾಟುವುದರೊಳಗೆ ಮೂರು ಸಲ ಓದಿ, ಮಡಚಿ, ಸೆರಗಿನೊಳಗೆ ಇಟ್ಟುಕೊಂಡಳು. ಎಷ್ಟೋ ದಿನಗಳ ಮೇಲೆ ಆ ಸಂಜೆ ಧರ್ಮಪಾಲನಿಗೆ ಸರಿಯಾಗಿ ಬಡಿಸಿದಳು.

ಕಾಗದ ಲಕೋಟೆಗೆ ತುಂಬಲು ಅವಳು ಯಾರನ್ನೂ ಹತ್ತಿರ ಸೇರಿಸಲಿಲ್ಲ.

"ಅಕ್ಕ, ಮೂಲೆಗೆ ಅರಶಿನ ನಾನು ಹಚ್ಚುತ್ತೇನೆ," ಎಂದು ಪುಷ್ಪಾವತಿ ಬಂದರೆ, "ಬೇಡ. ಅಂಗಳದಲ್ಲಿ ಮೀನು ಒಣಗಲಿಕ್ಕೆ ಹಾಕಿದೆ, ಕಾಗೆ ಬರುತ್ತದೆ. ನೀನು ಅದನ್ನು ನೋಡು," ಎಂದು ಕಳಿಸಿದಳು.

ಹೇಳಿಕೆಗೆ ಹೋಗುವ ಗೌರವ ಹಿರಿ ಅಳಿಯನದ್ದು. ಯಾರ ಮನೆಗಾದರೂ ಮೊದಲ ಕಾಗದ ಅವನ ಕೈಯಿಂದಲೇ ಹೋಗಬೇಕು. ಒಂದು ಸೋಮವಾರ ಕರುಣಾಕರ ಇಸ್ತ್ರಿ ಮಾಡಿದ ಅಂಗಿ ಹಾಕಿ, ಕಾಲೇಜಿಗೆಂದು ನಲವತ್ತು ಲಕೋಟೆ ಚೀಲಕ್ಕೆ ಹಾಕಿಕೊಂಡ.

"ಅಂಟಿಸದ್ದು ಒಂದು ಕೊಡು, ನೋಡುವ."

"ಎಲ್ಲ ಅಂಟಿಸಿ ಆಯಿತು. ಮದುವೆ ಕಾಗದದಲ್ಲಿ ನೋಡಲಿಕ್ಕೆ ಎಂತ ಉಂಟು? ಬಸ್ಸು ತಪ್ಪುತ್ತದೆ, ಹೋಗಿ."

ಸಂಜೆ ಆರಕ್ಕೆ ಬರುವವನು ಅಂದು ಮೂರಕ್ಕೇ ಬಂದ. ಬಂದವನು ಚಪ್ಪಲಿ ಬಿಟ್ಟು, ಜಗಲಿಯಲ್ಲಿ ಕೂತು, ನೀರು ಬೇಡವೆಂದ. ಚೀಲದಿಂದ ಒಂದು ಕಾಗದ ತೆಗೆದು ನೆಲದ ಮೇಲೆ ಹರಡಿದ. ಅದು ಪ್ರೆಸ್ಸಿನ ಕರಡು. ಕೆಳಗೆ ಅವಳ ಸಹಿ.

"ಎಂತದು ಇದು?" ಎಂದಳು, ಗೊತ್ತಿದ್ದೂ.

"ಮುಖ್ಯಸ್ಥರು ಲಕೋಟೆ ತೆರೆದರು. ಎಷ್ಟು ಗಂಟೆಗೆ ಮುಹೂರ್ತ ಅಂತ ನೋಡಬೇಕಿತ್ತು ಅವರಿಗೆ. ಬರುತ್ತೇನೆ ಅಂತ ಹೇಳಿದ್ದರು. ಕನ್ನಡ ಬರುವುದಿಲ್ಲವಲ್ಲ, ಅಟೆಂಡರ್ ಲೂಯಿಸನನ್ನು ಕರೆದು ಓದಿಸಿದರು. ಲೂಯಿಸ್ ಗಟ್ಟಿಯಾಗಿ ಓದಿದ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಇದ್ದರು. ಉಳಿದದ್ದು ಅವರಿಗೆ ಅರ್ಥವಾಗಲಿಲ್ಲ, ಆ ಎರಡು ಶಬ್ದ ಅರ್ಥವಾಯಿತು."

ನಳಿನಾಕ್ಷಿ ಕರಡನ್ನು ತನ್ನ ಕಡೆ ಎಳೆದುಕೊಂಡಳು. "ನಕ್ಕರಾ?"

"ಒಬ್ಬಿಬ್ಬರು ನಕ್ಕರು. ಮುಖ್ಯಸ್ಥರು ನಗಲಿಲ್ಲ. ಒಳಗೆ ಕರೆದರು. ಶಿಫಾರಸಿನ ಕಾಗದ ಮೇಜಿನ ಮೇಲೆ ಇತ್ತು, ನನ್ನ ಹೆಸರು ಬರೆದಿತ್ತು. 'ಹುದ್ದೆಯನ್ನು ನೀವೇ ಕೊಟ್ಟುಕೊಂಡಿದ್ದೀರಿ ಕರುಣಾಕರ, ಇನ್ನು ನಾನು ಕೊಡಿಸುವುದು ಎಂತದು?' ಅಂತ ಕೇಳಿ ಅದನ್ನು ಡ್ರಾಯರಿಗೆ ಹಾಕಿದರು."

"ಪ್ರೆಸ್ಸಿನವರ ತಪ್ಪು ಅಂತ ಹೇಳಬಾರದಿತ್ತಾ?"

"ಯಾವ ಬಾಯಿಯಲ್ಲಿ ಹೇಳಲಿ? ತಪ್ಪು ಯಾರದ್ದು ಅಂತ ಆಗ ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಒಬ್ಬನ ಅನ್ನಕ್ಕೆ ಕಲ್ಲು ಹಾಕುವುದಾ? ಬರುವಾಗ ಪ್ರೆಸ್ಸಿಗೆ ಹೋಗಿ ಕೇಳಿದೆ. ಅಲೆಕ್ಸ್ ಇದನ್ನು ಕೊಟ್ಟ. ಈಗ ಗೊತ್ತಾಯಿತು. ಈಗ ಹೋಗಿ ಎಂತ ಹೇಳಲಿ, ನನ್ನ ಹೆಂಡತಿ ಮಾಡಿದಳು ಅಂತವಾ?"

ಅವನು ಬೈದಿದ್ದರೆ ಅವಳು ತಿರುಗಿ ಏನಾದರೂ ಹೇಳುತ್ತಿದ್ದಳು. ಅವನು ಬೈಯಲಿಲ್ಲ. ಕಪ್ಪಾದ ಬೆರಳುಗಳನ್ನು ಮಡಚಿ ಕೂತ. ಮುಖ್ಯಸ್ಥರು ಹೇಳಿದ್ದಕ್ಕಿಂತ ಹೆಚ್ಚಾಗಿ ಆ ಕೈ ನೋಡಿ ಅವಳಿಗೆ ಅಳು ಬಂತು.

ಅಷ್ಟರಲ್ಲಿ ಕೂಸಪ್ಪ ಬಂದ, ಬಾಗಿ ಬಂದಳು, ವಿಷಯ ತಿಳಿಯಿತು. ಕೂಸಪ್ಪ ಹಾರಾಡಿದ. "ಮನೆಯ ಮರ್ಯಾದೆ ಸಮುದ್ರಕ್ಕೆ ಹಾಕಿದೆಯಲ್ಲ! ಓದು ಬಾರದ ನಾನು ಇದ್ದದ್ದನ್ನು ಹಾಕಿಸಿದೆ, ಓದು ಬಂದ ನೀನು ಇಲ್ಲದ್ದನ್ನು ಬರೆದೆ."

ಬಾಗಿ ಮಾತ್ರ ಸಣ್ಣ ಧ್ವನಿಯಲ್ಲಿ ಹೇಳಿದಳು. "ಆವತ್ತು ನಾನು ತಟ್ಟೆ ತಪ್ಪಿಸಿ ಹಾಕಿದ ತುಂಡು ನಿನ್ನ ಗಂಟಲಲ್ಲೇ ಸಿಕ್ಕಿಕೊಂಡಿತ್ತಲ್ಲ ಮಗಳೇ. ನನ್ನ ಹತ್ತಿರ ಇನ್ನೆರಡು ಸಲ ಜಗಳ ಆಡಿದ್ದರೆ ಸಾಕಿತ್ತು."

"ಕಾಗದದಲ್ಲಿ ಧರ್ಮಪಾಲರ ಹುದ್ದೆಯೂ ಇಲ್ಲವಂತಲ್ಲ," ಎಂದು ಕೂಸಪ್ಪ ಮತ್ತೆ ಗುಡುಗಿದ. "ಅದನ್ನೂ ನೀನೇ ಹೊಡೆದು ಹಾಕಿದೆಯಾ?"

"ಇಲ್ಲ ಮಾವ, ದೇವರಾಣೆ ಅದು ನಾನಲ್ಲ. ಅಲೆಕ್ಸ್ ಮರೆತದ್ದು."

"ಅಲೆಕ್ಸ್ ಮರೆಯಲಿಲ್ಲ," ಎಂದ ಕರುಣಾಕರ. "ನೀನು ಹೋದ ಮರುದಿನ ಧರ್ಮಪಾಲ ಪ್ರೆಸ್ಸಿಗೆ ಹೋಗಿದ್ದನಂತೆ, ಪುಷ್ಪಾ ಹೇಳಿ ಕಳಿಸಿದ್ದಳಂತೆ. ಕರಡು ನೋಡದೆ ಬಾಗಿಲಲ್ಲೇ ನಿಂತು, 'ನನ್ನ ಹುದ್ದೆ ತೆಗೆದುಬಿಡಿ, ಬರಿ ಹೆಸರು ಸಾಕು. ಬಾವನದ್ದು ಅವರನ್ನು ಕೇಳದೆ ನಾನು ಮುಟ್ಟುವುದಿಲ್ಲ' ಅಂದನಂತೆ. ಅದಕ್ಕೂ ಒಂದು ಚೀಟಿಯಲ್ಲಿ ಅವನ ಸಹಿ ಉಂಟು."

ಪುಷ್ಪಾವತಿ ಬಾಗಿಲ ಹತ್ತಿರ ನಿಂತಿದ್ದಳು. ಕೈಯಲ್ಲಿ ಒಣಮೀನಿನ ಗೆರಸೆ. "ನೀನು ಊಟ ಸರಿ ಮಾಡುತ್ತಿರಲಿಲ್ಲ ಅಕ್ಕ," ಎಂದಳು. "ಆ ಒಂದು ಸಾಲು ಇಲ್ಲದಿದ್ದರೆ ನಮಗೆ ಎಂತ ನಷ್ಟ ಅಂತ ಇವರಿಗೆ ಹೇಳಿದೆ."

ಈ ಮಾತು ಕೇಳಿ ನಳಿನಾಕ್ಷಿಗೆ ನಾಚಿಕೆಯಾಯಿತೇ? ಆಯಿತು, ನೆಲ ಬಿರಿದರೆ ಇಳಿದು ಹೋಗಬೇಕು ಎನ್ನುವಷ್ಟು ಆಯಿತು. ಆದರೆ ಅದರ ಬೆನ್ನಿಗೇ ಹಳೆಯ ಕಿಚ್ಚು ಇನ್ನೊಂದು ಬಾಗಿಲಿನಿಂದ ಬಂತು. ಓದಿನಲ್ಲಿ ಇವಳು ಮುಂದೆ, ಗಂಡನ ಹುದ್ದೆಯಲ್ಲಿ ಮುಂದೆ, ಬಾವಿಕಟ್ಟೆಯಲ್ಲಿ ಮುಂದೆ. ದೊಡ್ಡಗುಣವೊಂದಾದರೂ ಹಿರಿಯವಳಿಗೆ ಉಳಿಯಬೇಡವೇ? ಅದನ್ನೂ ಕೇಳದೆ ತೆಗೆದುಕೊಂಡು ಹೋಗಿದ್ದಳು, ಅದೂ ಸದ್ದಿಲ್ಲದೆ.

ಸಂಜೆ ಧರ್ಮಪಾಲ ಬಂದ ಮೇಲೆ ಉಳಿದ ಲಕೋಟೆಗಳನ್ನೆಲ್ಲ ಜಗಲಿಯಲ್ಲಿ ರಾಶಿ ಹಾಕಿ ತೆರೆದರು. ಕರುಣಾಕರ ಒಂದು ಪೆನ್ನು ಹಿಡಿದ, ಹೆಂಡತಿಗೆ ಒಂದು ಕೊಟ್ಟ. ಮುನ್ನೂರ ಅರವತ್ತು ಕಾಗದಗಳಲ್ಲಿ ಆ ಎರಡು ಶಬ್ದಗಳನ್ನು ಒಂದೊಂದಾಗಿ ಹೊಡೆದು ಹಾಕಬೇಕಿತ್ತು. ಪುಷ್ಪಾವತಿಯೂ ಧರ್ಮಪಾಲನೂ ಬಂದು ಕೂತರು.

"ನಾಳೆ ನಾನು ಮುಖ್ಯಸ್ಥರ ಹತ್ತಿರ ಮಾತಾಡುತ್ತೇನೆ ಬಾವ," ಎಂದ ಧರ್ಮಪಾಲ.

"ಬೇಡ ಮಾರಾಯ. ನೀನು ಮಾತಾಡಿ ಸಿಕ್ಕಿದರೆ ಅದು ನಿನ್ನಿಂದ ಸಿಕ್ಕಿದ್ದಾಗುತ್ತದೆ. ಮನೆಯಲ್ಲಿ ಇನ್ನೊಂದು ಜಗಳಕ್ಕೆ ದಾರಿ," ಎಂದು ಕರುಣಾಕರ ನಕ್ಕ. ಆ ನಗುವಿಗೆ ಯಾರೂ ಜೊತೆ ಕೊಡಲಿಲ್ಲ.

ಮದುವೆ ನಡೆಯಿತು. ಕಾರ್ಕಳದವರು ಆ ಕಪ್ಪು ಗೆರೆ ಎಂತದು ಎಂದು ಕೇಳಿದರು, ಅಚ್ಚಿನ ತಪ್ಪು ಎಂದು ಕೂಸಪ್ಪ ಹೇಳಿದ. ಕಾಲೇಜಿನಿಂದ ಯಾರೂ ಬರಲಿಲ್ಲ. ಅವರಿಗೆಂದು ಕಾದಿರಿಸಿದ್ದ ಹತ್ತು ಕುರ್ಚಿಗಳಲ್ಲಿ ಊರಿನ ಮಕ್ಕಳು ಕೂತು ಲಾಡು ತಿಂದರು. ಕರುಣಾಕರ ಪಂಕ್ತಿಯಲ್ಲಿ ಓಡಾಡಿ ಅನ್ನ ಬಡಿಸಿದ, ಎಲ್ಲರನ್ನೂ ವಿಚಾರಿಸಿದ. ನಳಿನಾಕ್ಷಿ ಅಡುಗೆ ಚಪ್ಪರದಿಂದ ಹೊರಗೆ ಬರಲೇ ಇಲ್ಲ.

ಜೂನ್ ಕೊನೆಗೆ ಪಟ್ಟಿ ಬಂತು. ಬೇರೆ ವಿಭಾಗಗಳ ಮೂವರು ಟ್ಯೂಟರುಗಳು ಲೆಕ್ಚರರ್ ಆಗಿದ್ದರು. ಕರುಣಾಕರನ ಹೆಸರು ಇರಲಿಲ್ಲ. ಆ ಸಂಜೆ ಬಾಗಿ ಮೀನಿನ ನಡು ತುಂಡನ್ನು ಅವನ ತಟ್ಟೆಗೆ ಹಾಕಿದಳು. ಅವನು ಅದನ್ನು ಸುಮ್ಮನೆ ತಿಂದ. ನಳಿನಾಕ್ಷಿಗೆ ಆ ತುಂಡನ್ನು ನೋಡಲು ಆಗಲಿಲ್ಲ.

ಜೋರು ಮಳೆಯ ಆಟಿ ತಿಂಗಳು ಬಂತು. ಬೋಟುಗಳು ದಡದಲ್ಲಿ, ಮನೆಯಲ್ಲಿ ಒಣಮೀನು, ಪೇಟೆಯಲ್ಲಿ ಅಕ್ಕಿ ಇಲ್ಲ. ಎಲ್ಲರಿಗೂ ರೇಷನ್ ಕಾರ್ಡು ಕೊಡುತ್ತಾರೆಂದು ಶ್ಯಾನುಭಾಗರು ಮನೆಮನೆಗೆ ಬಂದು ಹೆಸರು ಬರೆಯುತ್ತಿದ್ದರು. ಬಾಗಿಯ ಮನೆಯ ಜಗಲಿಯಲ್ಲಿ ಕೊಡೆ ಮಡಚಿ ಕೂತು ದೊಡ್ಡ ಪುಸ್ತಕ ತೆರೆದರು. ಕೂಸಪ್ಪ ಪೇಟೆಗೆ ಹೋಗಿದ್ದ. ಒಳಗೆ ಕರುಣಾಕರ ಕಾಲೇಜು ಮಕ್ಕಳ ಪ್ರಯೋಗದ ಪುಸ್ತಕಗಳನ್ನು ತಿದ್ದುತ್ತಿದ್ದ. ಹೊರಗೆ ಇಬ್ಬರು ಹೆಣ್ಣುಮಕ್ಕಳು.

"ಕರುಣಾಕರ, ವಯಸ್ಸು ಮೂವತ್ತೈದು. ಉದ್ಯೋಗ?"

ನಳಿನಾಕ್ಷಿ ಬಾಯಿ ತೆರೆಯುವ ಮೊದಲೇ ಪುಷ್ಪಾವತಿ ಹೇಳಿದಳು. "ಲೆಕ್ಚರರ್ ಅಂತ ಬರೆಯಿರಿ."

ಅವಳು ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಅಕ್ಕನ ಮುಖ ಸಣ್ಣದಾಗಬಾರದು ಎಂದೇ. ಶ್ಯಾನುಭಾಗರಿಗೆ ಏನು ಗೊತ್ತು, ಯಾರು ನೋಡುತ್ತಾರೆ? ನಳಿನಾಕ್ಷಿ ತಂಗಿಯ ಕಡೆ ತಿರುಗಿದಳು.

"ನನ್ನ ಗಂಡನಿಗಾಗಿ ಸುಳ್ಳು ಹೇಳುವುದಿದ್ದರೆ ಅದು ನನ್ನ ಕೆಲಸ. ನಾನು ಒಂದು ಸಲ ಹೇಳಿ ಆಗಿದೆ. ಅದನ್ನೂ ನೀನು ತೆಗೆದುಕೊಳ್ಳಬೇಕಾ ಪುಷ್ಪಾ?"

"ಅಕ್ಕ, ನಾನು ನಿನಗೋಸ್ಕರ..."

"ಗೊತ್ತುಂಟು. ಅದೇ ಬೇಡ ಹೇಳುವುದು." ಶ್ಯಾನುಭಾಗರ ಪುಸ್ತಕದ ಮೇಲೆ ಬೆರಳಿಟ್ಟಳು. "ಟ್ಯೂಟರ್ ಅಂತ ಬರೆಯಿರಿ."

ಒಳಗೆ ಹಾಳೆ ಮಗುಚುವ ಸದ್ದು ನಿಂತಿತು.

"ಟ್ಯೂಟರ್ ಅಂದರೆ ಎಂತ ಕೆಲಸ ಅಮ್ಮ?" ಎಂದರು ಶ್ಯಾನುಭಾಗರು.

ಹತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ, ಅವಳೂ ಗಂಡನನ್ನು ಕೇಳಿರಲಿಲ್ಲ. ಅವನು ಆಗೀಗ ಊಟದ ನಡುವೆ ಹೇಳಿದ್ದನ್ನೆಲ್ಲ ನೆನಪು ಮಾಡಿಕೊಂಡು ಹೇಳಿದಳು. "ಹೊಸ ಮಕ್ಕಳು ಆಸಿಡ್ಡಿನ ಬಾಟಲಿ ಹಿಡಿಯುವಾಗ ಕೈ ನಡುಗುತ್ತದೆ. ಆ ಕೈ ಹಿಡಿದು ಕಲಿಸುವುದು. ಹತ್ತು ವರ್ಷದಲ್ಲಿ ಒಬ್ಬರ ಕೈಯೂ ಸುಟ್ಟಿಲ್ಲ."

"ಅಷ್ಟೆಲ್ಲ ಬರೆಯಲಿಕ್ಕೆ ಇದರಲ್ಲಿ ಜಾಗ ಇಲ್ಲವಲ್ಲ."

"ಟ್ಯೂಟರ್ ಅಂತ ಬರೆದರೆ ಸಾಕು."

ಅವರು ಅದನ್ನೂ ಉಳಿದವರ ಸಾಲುಗಳನ್ನೂ ಬರೆದು ಪುಸ್ತಕವನ್ನು ಅವಳ ಕಡೆ ತಿರುಗಿಸಿದರು. "ಹೇಳಿದವರು ಇಲ್ಲಿ ಸಹಿ ಹಾಕಬೇಕು."

ನಳಿನಾಕ್ಷಿ ಸೆರಗಿಗೆ ಕೈ ಒರೆಸಿಕೊಂಡು ಕೂತಳು. ಈ ಸಲ ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ಓದಿ ನೋಡಿದಳು. ಧರ್ಮಪಾಲನ ಸಾಲನ್ನೂ ಓದಿದಳು. ಅದು ಈಗಲೂ ಉದ್ದವೇ ಇತ್ತು, ಈಗಲೂ ಕಣ್ಣಿಗೆ ಚುಚ್ಚಿತು. ಆಮೇಲೆ ಟ್ಯೂಟರ್ ಎಂದಿದ್ದ ಸಾಲಿನ ಪಕ್ಕದಲ್ಲಿ ಸಹಿ ಹಾಕಿ, ಪೆನ್ನನ್ನು ಅವರಿಗೆ ವಾಪಸು ಕೊಟ್ಟಳು.